ಸ್ವಂತ ಸರ್ವರ್‌ಗಳ ಭದ್ರತಾ ಪ್ರಮಾಣಪತ್ರ ನಿರ್ವಹಣೆ: ಯಾದಗಿರಿ, ಶಹಾಪುರ, ಸುರಪುರ ಸೀಮೆ

ಭದ್ರತಾ ಪ್ರಮಾಣಪತ್ರವೆಂದರೆ ಒಂದು ಡೊಮೇನ್ ಹೆಸರಿಗೂ ಒಂದು ಸಾರ್ವಜನಿಕ ಕೀಲಿಗೂ ಇರುವ ಸಂಬಂಧವನ್ನು ಮೂರನೆಯ ಸಂಸ್ಥೆಯೊಂದು ಸಹಿ ಹಾಕಿ ದೃಢಪಡಿಸಿರುವ, ನಿಗದಿತ ಅವಧಿಯವರೆಗೆ ಮಾತ್ರ ಸಲ್ಲುವ ಚಿಕ್ಕ ಕಡತ. ಓದುಗರ ಮೊಬೈಲ್ ಅಥವಾ ಕಂಪ್ಯೂಟರಿನ ಬ್ರೌಸರ್ ಒಂದು ತಾಣವನ್ನು ತೆರೆಯುವ ಮೊದಲು ಈ ಕಡತವನ್ನು ಪರೀಕ್ಷಿಸಿ, ಅದರಲ್ಲಿರುವ ಹೆಸರು ತಾನು ಕೇಳಿದ ಹೆಸರೇ ಎಂಬುದನ್ನೂ, ಅವಧಿ ಮುಗಿದಿಲ್ಲವೆಂಬುದನ್ನೂ, ಸಹಿ ಹಾಕಿದವರು ತಾನು ನಂಬಿದವರ ಪಟ್ಟಿಗೆ ಸೇರಿದವರೆಂಬುದನ್ನೂ ಖಚಿತಪಡಿಸಿಕೊಂಡ ಮೇಲೆಯೇ ಮಾತುಕತೆಯನ್ನು ಗೂಢಲಿಪಿಗೆ ಇಳಿಸುತ್ತದೆ. ಸಂಸ್ಥೆಯಾಗಲಿ ವ್ಯಕ್ತಿಯಾಗಲಿ ತನ್ನ ಜಾಲತಾಣ, ಮಿಂಚಂಚೆ ಅಥವಾ ಕಡತಗಳ ಸೇವೆಯನ್ನು ಹೊರಗಿನ ಕಂಪನಿಗೆ ಒಪ್ಪಿಸದೆ ತಾನೇ ನಡೆಸುವ ಯಂತ್ರಕ್ಕೆ ಸ್ವಂತ ಸರ್ವರ್ ಎಂದು ಹೆಸರು. ಅಂಥ ಯಂತ್ರಕ್ಕೆ ಪ್ರಮಾಣಪತ್ರ ಪಡೆಯುವುದು, ಅದರ ಖಾಸಗಿ ಕೀಲಿಯನ್ನು ಕಾಯುವುದು, ಅವಧಿ ಮುಗಿಯುವ ಮುನ್ನ ನವೀಕರಿಸುವುದು, ಅಗತ್ಯ ಬಿದ್ದರೆ ರದ್ದುಪಡಿಸುವುದು, ಇವೆಲ್ಲ ಸೇರಿದ ಕೆಲಸವೇ ಪ್ರಮಾಣಪತ್ರ ನಿರ್ವಹಣೆ. ಪಡೆಯುವ ಕೆಲಸ ಈಗ ಸುಲಭವೂ ಉಚಿತವೂ ಆಗಿರುವುದರಿಂದ ನಿರ್ವಹಣೆಯ ಭಾರವೆಲ್ಲ ನವೀಕರಣದ ಮೇಲೆ ಬಿದ್ದಿದೆ.

ಯಾದಗಿರಿ ಜಿಲ್ಲೆ 2009ರ ಡಿಸೆಂಬರ್ 30ರಂದು ಅಂದಿನ ಗುಲಬರ್ಗಾ ಜಿಲ್ಲೆಯಿಂದ ಬೇರ್ಪಟ್ಟು ರಾಜ್ಯದ 30ನೆಯ ಜಿಲ್ಲೆಯಾಯಿತು. ಯಾದಗಿರಿ, ಶಹಾಪುರ, ಸುರಪುರ ಇದರ ಮೂಲ ತಾಲ್ಲೂಕುಗಳು; ಗುರುಮಠಕಲ್, ವಡಗೇರಾ, ಹುಣಸಗಿ ಆಮೇಲೆ ರೂಪುಗೊಂಡವು. ಸರ್ಕಾರಿ ಕಚೇರಿಗಳ ಮಟ್ಟಿಗೆ ಇಲ್ಲಿ ಪ್ರಮಾಣಪತ್ರದ ಚಿಂತೆ ಸ್ಥಳೀಯರದಲ್ಲ: ರಾಜ್ಯದ ಸೇವೆಗಳು ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರದಿಂದಲೂ, ಜಿಲ್ಲಾಡಳಿತಗಳ ತಾಣಗಳು ರಾಷ್ಟ್ರೀಯ ಮಾಹಿತಿ ಕೇಂದ್ರ, ಅಂದರೆ ಎನ್‌ಐಸಿ, ಒದಗಿಸುವ ಏಕರೂಪದ ವೇದಿಕೆಯಿಂದಲೂ ನಡೆಯುವುದರಿಂದ ನವೀಕರಣವೂ ಅಲ್ಲಿಯೇ ಆಗುತ್ತದೆ. ತನ್ನ ದಾಖಲೆಗಳು ತನ್ನ ಊರಿನಲ್ಲೇ ಇರಲೆಂದು ಬಯಸುವ ಶಾಲೆ, ಆಸ್ಪತ್ರೆ, ಪತ್ತಿನ ಸಹಕಾರ ಸಂಘ ಅಥವಾ ಗ್ರಂಥಾಲಯಕ್ಕೆ ಮಾತ್ರ ಈ ವಿಷಯ ನೇರವಾಗಿ ಎದುರಾಗುತ್ತದೆ. ಮಹಾನಗರದ ಅನುಕೂಲಗಳನ್ನು ಗೃಹೀತ ಹಿಡಿದು ಬರೆದ ಕೈಪಿಡಿಗಳು ಇಲ್ಲಿಯ ವಿದ್ಯುತ್ತು, ಗಡಿಯಾರ ಮತ್ತು ಅಂತರಜಾಲ ವಿಳಾಸಗಳ ಸ್ಥಿತಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿರುವುದರಿಂದ ಈ ಸೀಮೆಯ ಪರಿಸ್ಥಿತಿಯನ್ನು ಪ್ರತ್ಯೇಕವಾಗಿ ವಿವರಿಸಬೇಕಾಗಿದೆ.

ಡಿಎಸ್‌ಸಿ ಮತ್ತು ಸರ್ವರ್ ಪ್ರಮಾಣಪತ್ರ

ತಾಲ್ಲೂಕು ಊರುಗಳಲ್ಲಿ ಡಿಜಿಟಲ್ ಪ್ರಮಾಣಪತ್ರವೆಂದರೆ ಜನರಿಗೆ ಮೊದಲು ನೆನಪಾಗುವುದು ಡಿಎಸ್‌ಸಿ. ಗುತ್ತಿಗೆದಾರರು ಟೆಂಡರ್ ಹಾಕಲು, ಲೆಕ್ಕಪರಿಶೋಧಕರು ತೆರಿಗೆ ವಿವರ ಸಲ್ಲಿಸಲು ಪೆನ್‌ಡ್ರೈವಿನಂಥ ಟೋಕನ್ನಿನಲ್ಲಿಟ್ಟು ಬಳಸುವ ಸಹಿಯ ಪ್ರಮಾಣಪತ್ರವಿದು. ರೈತರು ಆನ್‌ಲೈನಿನಲ್ಲಿ ಪಡೆಯುವ ಪಹಣಿಯ ಮೇಲಿನ ಡಿಜಿಟಲ್ ಸಹಿಯೂ ಇದೇ ಜಾತಿಗೆ ಸೇರಿದ್ದು. ಇದರ ಆಧಾರ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ. ಆ ವರ್ಷದ ಅಕ್ಟೋಬರ್ 17ರಂದು ಜಾರಿಗೆ ಬಂದ ಆ ಕಾಯ್ದೆಯ ಪ್ರಕಾರ ಪ್ರಮಾಣೀಕರಣ ಪ್ರಾಧಿಕಾರಗಳ ನಿಯಂತ್ರಕರು ಪರವಾನಗಿ ಕೊಟ್ಟ ಸಂಸ್ಥೆಗಳು ಮಾತ್ರ ಇವನ್ನು ನೀಡಬಹುದು, ಮತ್ತು ಆ ಎಲ್ಲ ಸಂಸ್ಥೆಗಳ ಸಹಿಗಳು ಕೊನೆಗೆ ನಿಯಂತ್ರಕರ ಮೂಲ ಪ್ರಮಾಣಪತ್ರಕ್ಕೆ ಹೋಗಿ ಸೇರುತ್ತವೆ.

ಸರ್ವರ್ ಪ್ರಮಾಣಪತ್ರದ ದಾರಿಯೇ ಬೇರೆ. ಅದು ವ್ಯಕ್ತಿಯ ಗುರುತನ್ನು ಹೇಳದೆ ಡೊಮೇನ್ ಹೆಸರಿನ ಗುರುತನ್ನು ಹೇಳುತ್ತದೆ, ಮತ್ತು ಅದಕ್ಕೆ ಮನ್ನಣೆ ಸಿಗುವುದು ದೇಶದ ಕಾನೂನಿನಿಂದಲ್ಲದೆ ಗೂಗಲ್, ಆಪಲ್, ಮೊಜಿಲ್ಲಾ, ಮೈಕ್ರೋಸಾಫ್ಟ್ ಎಂಬ ನಾಲ್ಕು ಸಂಸ್ಥೆಗಳು ತಮ್ಮ ಬ್ರೌಸರ್ ಮತ್ತು ಕಾರ್ಯಾಚರಣಾ ವ್ಯವಸ್ಥೆಗಳಲ್ಲಿ ಇಟ್ಟುಕೊಂಡಿರುವ ನಂಬಿಗಸ್ತರ ಪಟ್ಟಿಯಿಂದ. ಡಿಎಸ್‌ಸಿಯ ಟೋಕನ್ನನ್ನು ಸರ್ವರಿಗೆ ಚುಚ್ಚಿದರೆ ತಾಣ ಸುರಕ್ಷಿತವಾಗುತ್ತದೆಂಬ ಭಾವನೆ ತಪ್ಪು. ಒಂದಕ್ಕೆ ಕೊಟ್ಟ ಹಣ ಇನ್ನೊಂದಕ್ಕೆ ಸಲ್ಲುವುದಿಲ್ಲ. ಬೆಂಗಳೂರಿನ ಇಮುದ್ರಾ ಸಂಸ್ಥೆ ಎರಡೂ ಬಗೆಯವನ್ನು ನೀಡುತ್ತದೆಯಾದರೂ ಡಿಎಸ್‌ಸಿಗೆ ನಿಯಂತ್ರಕರ ಪರವಾನಗಿಯನ್ನೂ, ಸರ್ವರ್ ಪ್ರಮಾಣಪತ್ರಕ್ಕೆ ಎಮ್‌ಸೈನ್ ಎಂಬ ಪ್ರತ್ಯೇಕ ಮೂಲವನ್ನೂ ಅವಲಂಬಿಸಿದೆ.

ಭಾರತದ ಮೂಲ ಪ್ರಮಾಣಪತ್ರ ಬ್ರೌಸರುಗಳ ಪಟ್ಟಿಯಿಂದ ಏಕೆ ದೂರ ಉಳಿಯಿತೆಂಬುದಕ್ಕೆ 2014ರ ಪ್ರಸಂಗ ಮುಖ್ಯ. ಆಗ ನಿಯಂತ್ರಕರ ಮೂಲವನ್ನು ಮೈಕ್ರೋಸಾಫ್ಟ್ ತನ್ನ ಪಟ್ಟಿಗೆ ಸೇರಿಸಿಕೊಂಡಿತ್ತು. ಆ ವರ್ಷದ ಜುಲೈ 2ರಂದು ಗೂಗಲ್ ತನ್ನ ಹಲವು ಡೊಮೇನುಗಳಿಗೆ ತನ್ನ ಅನುಮತಿಯಿಲ್ಲದ ಪ್ರಮಾಣಪತ್ರಗಳಿರುವುದನ್ನು ಗುರುತಿಸಿತು. ಅವುಗಳನ್ನು ಹೊರಡಿಸಿದ್ದು ನಿಯಂತ್ರಕರ ಮೂಲದ ಕೆಳಗೆ ಎನ್‌ಐಸಿ ಹೊಂದಿದ್ದ ಮಧ್ಯಂತರ ಪ್ರಾಧಿಕಾರ. ಮರುದಿನವೇ ನಿಯಂತ್ರಕರು ಆ ಮಧ್ಯಂತರ ಪ್ರಮಾಣಪತ್ರಗಳನ್ನು ರದ್ದುಪಡಿಸಿದರು. ಎನ್‌ಐಸಿಯ ವಿತರಣಾ ವ್ಯವಸ್ಥೆಗೆ ಕನ್ನ ಬಿದ್ದಿತ್ತೆಂದೂ, ಗೂಗಲ್‌ನ ಮೂರು ಮತ್ತು ಯಾಹೂವಿನ ಒಂದು ಡೊಮೇನಿಗೆ ಸಂಬಂಧಿಸಿದ ನಾಲ್ಕು ಪ್ರಮಾಣಪತ್ರಗಳಷ್ಟೇ ತಪ್ಪಾಗಿ ಹೊರಬಿದ್ದವೆಂದೂ ವಿವರಣೆ ಬಂದರೂ, ಆ ಎಣಿಕೆಗೆ ಸೇರದ ಪ್ರಮಾಣಪತ್ರಗಳೂ ಕಂಡಿವೆಯೆಂದು ಹೇಳಿದ ಗೂಗಲ್, ಭಾರತದ ಮೂಲದ ಮನ್ನಣೆಯನ್ನು ತನ್ನ ಕ್ರೋಮ್ ಬ್ರೌಸರಿನಲ್ಲಿ ಸರ್ಕಾರಿ ಹಾಗೂ ಶೈಕ್ಷಣಿಕ ಹೆಸರುಗಳೂ ಸೇರಿದಂತೆ ಏಳು ಡೊಮೇನುಗಳಿಗೆ ಸೀಮಿತಗೊಳಿಸಿತು. ಫೈರ್‌ಫಾಕ್ಸ್ ತನ್ನದೇ ಪಟ್ಟಿಯನ್ನು ಬಳಸುತ್ತಿದ್ದುದರಿಂದ ಅದಕ್ಕೆ ಈ ಬಿಸಿ ತಟ್ಟಲಿಲ್ಲ. 2023ರಲ್ಲಿ ಕೇಂದ್ರ ಸರ್ಕಾರ ದೇಶೀ ಬ್ರೌಸರ್ ತಯಾರಿಕೆಗೆ ಸ್ಪರ್ಧೆ ಏರ್ಪಡಿಸಿ ನಿಯಂತ್ರಕರ ಮೂಲಕ್ಕೆ ಅದರಲ್ಲಿ ಮನ್ನಣೆ ಇರಬೇಕೆಂದು ವಿಧಿಸಿದ್ದಕ್ಕೆ ಈ ಹಿನ್ನೆಲೆಯೂ ಇದೆ. ಸ್ವಂತ ಸರ್ವರ್ ಇಡುವವರಿಗೆ ಇದರಿಂದ ತಿಳಿಯುವ ವಾಸ್ತವವೆಂದರೆ, ಶಹಾಪುರದ ಒಂದು ಶಾಲೆಯ ತಾಣ ತೆರೆಯಬೇಕೇ ಬೇಡವೇ ಎಂಬ ತೀರ್ಮಾನ ಸದ್ಯಕ್ಕೆ ಬ್ರೌಸರ್ ತಯಾರಕರ ಕೈಯಲ್ಲಿದೆ.

ಉಚಿತ ವಿತರಣೆ ಮತ್ತು ಕುಗ್ಗುತ್ತಿರುವ ಅವಧಿ

ಸಾರ್ವಜನಿಕ ಕೀಲಿಯ ಕಲ್ಪನೆಯನ್ನು ಡಿಫಿ ಮತ್ತು ಹೆಲ್‌ಮನ್ 1976ರಲ್ಲಿ ಪ್ರಕಟಿಸಿದರು. ಕೀಲಿಗೆ ಪ್ರಮಾಣಪತ್ರ ಕೊಡುವ ಯೋಚನೆ 1978ರಲ್ಲಿ ಲೋರೆನ್ ಕೋನ್‌ಫೆಲ್ಡರ್ ಎಂ.ಐ.ಟಿ.ಯಲ್ಲಿ ಬರೆದ ಪ್ರಬಂಧದಲ್ಲಿ ಬಂದಿತು. ಜಾಲತಾಣಗಳಿಗೆ ಇದನ್ನು ಅಳವಡಿಸಿದ್ದು ತೊಂಬತ್ತರ ದಶಕದ ನೆಟ್‌ಸ್ಕೇಪ್. ಆದರೂ ಎರಡು ದಶಕಗಳ ಕಾಲ ಪ್ರಮಾಣಪತ್ರ ವರ್ಷಕ್ಕಿಷ್ಟೆಂದು ಹಣ ತೆತ್ತು ಕೊಳ್ಳುವ ವಸ್ತುವಾಗಿಯೇ ಉಳಿದು, ಚಿಕ್ಕ ಸಂಸ್ಥೆಗಳ ತಾಣಗಳು ಬರಿಯ ಎಚ್‌ಟಿಟಿಪಿಯಲ್ಲಿ, ಅಂದರೆ ದಾರಿಯಲ್ಲಿ ಯಾರು ಬೇಕಾದರೂ ಓದಬಹುದಾದ ರೂಪದಲ್ಲಿ, ನಡೆದವು. 2014ರ ನವೆಂಬರಿನಲ್ಲಿ ಘೋಷಣೆಯಾಗಿ, 2015ರ ಸೆಪ್ಟೆಂಬರ್ 14ರಂದು ಮೊದಲ ಪ್ರಮಾಣಪತ್ರ ನೀಡಿದ ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಲಾಭರಹಿತ ಪ್ರಾಧಿಕಾರ ಈ ಸ್ಥಿತಿಯನ್ನು ಬದಲಿಸಿತು. ಅದು ಪ್ರಮಾಣಪತ್ರವನ್ನು ಉಚಿತವಾಗಿ ನೀಡುವುದರ ಜೊತೆಗೆ ಇಡೀ ವ್ಯವಹಾರವನ್ನು ಯಂತ್ರಗಳೇ ನಡೆಸುವಂತೆ ಆಕ್ಮಿ ಎಂಬ ನಿಯಮಾವಳಿಯನ್ನು ರೂಪಿಸಿತು; 2019ರ ಮಾರ್ಚಿನಲ್ಲಿ ಅದು ಅಂತರಜಾಲದ ಅಧಿಕೃತ ಮಾನದಂಡವಾಯಿತು. ಇಂದು ಗೂಗಲ್ ಟ್ರಸ್ಟ್ ಸರ್ವಿಸಸ್, ಝೀರೋಎಸ್‌ಎಸ್‌ಎಲ್ ಮೊದಲಾದವೂ ಇದೇ ನಿಯಮಾವಳಿಯಲ್ಲಿ ಉಚಿತವಾಗಿ ಕೊಡುತ್ತವೆ.

ಆಕ್ಮಿಯ ತಿರುಳು ಸರಳ. ಸರ್ವರಿನಲ್ಲಿರುವ ಸರ್ಟ್‌ಬಾಟ್‌ನಂಥ ತಂತ್ರಾಂಶ ಪ್ರಾಧಿಕಾರಕ್ಕೆ ಅರ್ಜಿ ಹಾಕುತ್ತದೆ, ಪ್ರಾಧಿಕಾರ ಒಂದು ಗುರುತಿನ ಸಾಲನ್ನು ಕೊಟ್ಟು ಅದನ್ನು ಆ ಡೊಮೇನಿನ ಅಧೀನದಲ್ಲಿರುವ ಜಾಗದಲ್ಲಿ ಇಟ್ಟು ತೋರಿಸುವಂತೆ ಕೇಳುತ್ತದೆ, ಮತ್ತು ಅದು ಅಲ್ಲಿ ಕಂಡೊಡನೆ ಸಹಿ ಹಾಕಿದ ಪ್ರಮಾಣಪತ್ರವನ್ನು ಕಳುಹಿಸುತ್ತದೆ. ಆ ಸಾಲನ್ನು ತಾಣದ 80ನೆಯ ಪೋರ್ಟಿನಲ್ಲಿ ಒಂದು ಕಡತವಾಗಿ ತೋರಿಸುವುದು ಮೊದಲ ವಿಧಾನ. ಡೊಮೇನಿನ ಡಿಎನ್‌ಎಸ್ ದಾಖಲೆಯಲ್ಲಿ, ಅಂದರೆ ಹೆಸರನ್ನು ಅಂಕಿಯ ವಿಳಾಸಕ್ಕೆ ಜೋಡಿಸುವ ನೋಂದಣಿಯಲ್ಲಿ, ಒಂದು ಪಠ್ಯವಾಗಿ ಬರೆಯುವುದು ಎರಡನೆಯದು. ಕ್ಯಾಡಿಯಂಥ ಹೊಸ ಜಾಲ ಸರ್ವರ್ ತಂತ್ರಾಂಶಗಳು ಡೊಮೇನ್ ಹೆಸರೊಂದನ್ನು ಬರೆದಿಟ್ಟರೆ ಸಾಕು, ಇದನ್ನೆಲ್ಲ ತಾವೇ ನೋಡಿಕೊಳ್ಳುತ್ತವೆ.

ಇಷ್ಟು ಸುಲಭವಾದುದಕ್ಕೆ ಪ್ರತಿಯಾಗಿ ಅವಧಿ ಕುಗ್ಗುತ್ತ ಬಂದಿದೆ. 2015ರಲ್ಲಿ 39 ತಿಂಗಳಿದ್ದ ಗರಿಷ್ಠ ಅವಧಿ 2018ರಲ್ಲಿ 825 ದಿನಕ್ಕೂ, 2020ರ ಸೆಪ್ಟೆಂಬರಿನಿಂದ 398 ದಿನಕ್ಕೂ ಇಳಿಯಿತು. ಪ್ರಾಧಿಕಾರಗಳೂ ಬ್ರೌಸರ್ ತಯಾರಕರೂ ಸೇರಿ 2025ರ ಏಪ್ರಿಲಿನಲ್ಲಿ ಕೈಗೊಂಡ ನಿರ್ಣಯದ ಪ್ರಕಾರ 2026ರ ಮಾರ್ಚ್ 15ರಿಂದ 200 ದಿನ, 2027ರ ಮಾರ್ಚ್ 15ರಿಂದ 100 ದಿನ, 2029ರ ಮಾರ್ಚ್ 15ರಿಂದ 47 ದಿನ ಮಿತಿಯಾಗಿದೆ. ಕೀಲಿ ಕಳುವಾದರೆ ಆ ಪ್ರಮಾಣಪತ್ರ ರದ್ದಾದ ಸುದ್ದಿ ಎಲ್ಲ ಬ್ರೌಸರುಗಳಿಗೂ ಸಕಾಲಕ್ಕೆ ಮುಟ್ಟುವುದಿಲ್ಲವೆಂಬ ಹಳೆಯ ಅನುಭವವೇ ಇದಕ್ಕೆ ಕಾರಣ; ಅವಧಿ ಚಿಕ್ಕದಾದಷ್ಟೂ ಕಳುವಾದ ಕೀಲಿಯ ಆಯುಷ್ಯವೂ ಚಿಕ್ಕದು. ಲೆಟ್ಸ್ ಎನ್‌ಕ್ರಿಪ್ಟ್ ಮೊದಲಿನಿಂದಲೂ 90 ದಿನಕ್ಕಷ್ಟೇ ಕೊಡುತ್ತ ಬಂದುದರಿಂದ ಅದರ ಬಳಕೆದಾರರಿಗೆ ಈ ಬದಲಾವಣೆಯ ಹೊಡೆತ ಕಡಿಮೆ. ಹಣ ಕೊಟ್ಟು ವರ್ಷಕ್ಕೊಮ್ಮೆ ಯಾರೋ ಬಂದು ಕೈಯಿಂದ ಹಾಕಿಕೊಟ್ಟು ಹೋಗುವ ಪದ್ಧತಿಗೆ ಮಾತ್ರ ಇನ್ನು ಉಳಿಗಾಲವಿಲ್ಲ.

ವಿಳಾಸ, ವಿದ್ಯುತ್ತು, ಗಡಿಯಾರ

ಯಾದಗಿರಿ ಸೀಮೆಯಲ್ಲಿ ಮೊದಲ ಅಡ್ಡಿ ವಿಳಾಸದ್ದು. ಮೊಬೈಲ್ ಜಾಲಗಳೂ ಅನೇಕ ಕೇಬಲ್ ಬ್ರಾಡ್‌ಬ್ಯಾಂಡ್ ಸೇವೆಗಳೂ ನೂರಾರು ಗ್ರಾಹಕರನ್ನು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಕೂಡಿಸುವುದರಿಂದ ಹೊರಗಿನ ಪ್ರಾಧಿಕಾರ ಒಳಗಿನ ಸರ್ವರಿನ 80ನೆಯ ಪೋರ್ಟನ್ನು ತಲುಪುವುದೇ ಇಲ್ಲ. ರೂಟರ್ ತೋರಿಸುವ ಹೊರವಿಳಾಸ 100.64ರಿಂದ 100.127ರವರೆಗಿನ ಅಂಕಿಗಳಿಂದ ಆರಂಭವಾದರೆ ಅದು ಇಂಥ ಹಂಚಿಕೆಯ ವಿಳಾಸವೆಂದೇ ತಿಳಿಯಬೇಕು. ಸೇವಾದಾರರಿಂದ ಹೆಚ್ಚುವರಿ ಶುಲ್ಕ ಕೊಟ್ಟು ಸ್ಥಿರ ವಿಳಾಸ ಪಡೆಯುವುದು ಒಂದು ದಾರಿ. ಭಾರತದಲ್ಲಿ ವ್ಯಾಪಕವಾಗಿರುವ ಐಪಿವಿ6 ವಿಳಾಸವನ್ನು ಬಳಸುವುದು ಇನ್ನೊಂದು ದಾರಿಯಾದರೂ ಮೊಬೈಲ್ ಜಾಲಗಳು ಒಳಬರುವ ಸಂಪರ್ಕವನ್ನು ತಡೆಯುವುದುಂಟು. ಡಿಎನ್‌ಎಸ್ ವಿಧಾನಕ್ಕೆ ಇದಾವುದರ ಹಂಗಿಲ್ಲ: ಸರ್ವರ್ ಹೊರಕ್ಕೆ ಮಾತಾಡಲು ಶಕ್ತವಾಗಿದ್ದರೆ ಸಾಕು, ಡೊಮೇನ್ ನೋಂದಣಿಯ ಕಂಪನಿ ಕೊಟ್ಟ ಗುಪ್ತ ಸಂಕೇತವನ್ನು ಬಳಸಿ ತಂತ್ರಾಂಶವೇ ಪಠ್ಯವನ್ನು ಬರೆದು ಪ್ರಮಾಣಪತ್ರ ಪಡೆಯುತ್ತದೆ. ಆ ಸಂಕೇತ ಕದ್ದವರಿಗೆ ಇಡೀ ಡೊಮೇನೇ ಕೈವಶವಾಗುವುದರಿಂದ ಅದರ ಅಧಿಕಾರವನ್ನು ಆ ಒಂದು ದಾಖಲೆಗಷ್ಟೇ ಸೀಮಿತಗೊಳಿಸುವುದು ಲೇಸು.

ಪ್ರಮಾಣಪತ್ರ ಸಿಕ್ಕ ಮೇಲೂ ಓದುಗರನ್ನು ಒಳಗೆ ಕರೆತರಲು ಹಲವರು ಸುರಂಗ ಸೇವೆಗಳನ್ನು, ಅಂದರೆ ಒಳಗಿನ ಯಂತ್ರವೇ ಹೊರಗಿನ ಕಂಪನಿಯೊಂದಕ್ಕೆ ಸದಾ ಸಂಪರ್ಕ ತೆರೆದಿಟ್ಟು ಅದರ ಮೂಲಕ ಸಂದರ್ಶಕರನ್ನು ಬರಮಾಡಿಕೊಳ್ಳುವ ವ್ಯವಸ್ಥೆಯನ್ನು, ಬಳಸುತ್ತಾರೆ. ಇಲ್ಲಿ ಕೇಳಲೇಬೇಕಾದ ಪ್ರಶ್ನೆ ಗೂಢಲಿಪಿ ಬಿಚ್ಚುವುದು ಎಲ್ಲಿ ಎಂಬುದು. ಅದು ಕಂಪನಿಯ ಯಂತ್ರದಲ್ಲಿ ಬಿಚ್ಚಿಕೊಂಡರೆ ಬ್ರೌಸರ್ ಕಾಣುವ ಪ್ರಮಾಣಪತ್ರವೂ ಕೀಲಿಯೂ ಕಂಪನಿಯವೇ ಆಗಿ, ರೋಗಿಯ ದಾಖಲೆಯಾಗಲಿ ಸದಸ್ಯರ ಲೆಕ್ಕವಾಗಲಿ ಅಲ್ಲಿ ತೆರೆದ ರೂಪದಲ್ಲಿ ಹಾದುಹೋಗುತ್ತದೆ. ಸರ್ವರನ್ನು ಊರಿನಲ್ಲಿಟ್ಟ ಉದ್ದೇಶವೇ ಅಷ್ಟರಮಟ್ಟಿಗೆ ಸೋತಂತೆ. ಬಾಡಿಗೆಗೆ ಪಡೆದ ಚಿಕ್ಕ ಯಂತ್ರವೊಂದು ಗೂಢಲಿಪಿಯನ್ನು ಮುಟ್ಟದೆ ಹಾಗೆಯೇ ದಾಟಿಸಿ, ಕೀಲಿ ಯಾದಗಿರಿಯಲ್ಲೇ ಉಳಿಯುವ ಏರ್ಪಾಡು ಹೆಚ್ಚು ಶ್ರಮದ್ದಾದರೂ ಅದನ್ನೇ ಆರಿಸುವುದು ಸೂಕ್ತ.

ಎರಡನೆಯದು ವಿದ್ಯುತ್ತು. ಈ ಜಿಲ್ಲೆಗೆ ಜೆಸ್ಕಾಂ ವಿದ್ಯುತ್ ಪೂರೈಸುತ್ತದೆ. ಬೇಸಿಗೆಯಲ್ಲಿ ತಾಪಮಾನ 40 ಡಿಗ್ರಿ ದಾಟುವ ಸೀಮೆಯಿದು; ವಿದ್ಯುತ್ತು ಹೋದರೂ ಸೆಕೆಗೆ ಯಂತ್ರವನ್ನು ಆರಿಸಿದರೂ ನವೀಕರಣದ ವೇಳೆ ತಪ್ಪಿಹೋಗಬಹುದು. ಸರ್ಟ್‌ಬಾಟ್ ದಿನಕ್ಕೆ ಎರಡು ಬಾರಿ ನವೀಕರಣದ ಅಗತ್ಯವನ್ನು ಪರೀಕ್ಷಿಸುತ್ತದೆಯಾದರೂ, ನಸುಕಿನ ಮೂರು ಗಂಟೆಗೆ ನಡೆಯಲೆಂದು ಕೈಯಿಂದ ಬರೆದಿಟ್ಟ ಹಳೆಯ ಬಗೆಯ ವೇಳಾಪಟ್ಟಿಯಿದ್ದರೆ, ಸಂಜೆ ಯಂತ್ರ ಆರಿಸಿ ಬೀಗ ಹಾಕುವ ಶಾಲೆಯಲ್ಲಿ ಆ ಗಳಿಗೆ ಎಂದಿಗೂ ಬರುವುದಿಲ್ಲ. ತಪ್ಪಿದ ವೇಳೆಯನ್ನು ಯಂತ್ರ ಎದ್ದೊಡನೆ ಪೂರೈಸುವ ಸಿಸ್ಟಂಡಿ ಟೈಮರ್‌ಗಳು ಈ ಕಾರಣದಿಂದಲೇ ಹೆಚ್ಚು ಹೊಂದುತ್ತವೆ. ಅವಧಿಯ ಮೂರನೆಯ ಒಂದು ಭಾಗ ಉಳಿದಿರುವಾಗಲೇ ನವೀಕರಿಸಬೇಕೆಂಬುದು ವಾಡಿಕೆಯ ನಿಯಮ. 90 ದಿನದ ಪ್ರಮಾಣಪತ್ರದಲ್ಲಿ ಒಂದು ವಾರದ ಕೇಬಲ್ ದುರಸ್ತಿಯನ್ನಾಗಲಿ ಪರಿವರ್ತಕ ಸುಟ್ಟ ದಿನಗಳನ್ನಾಗಲಿ ಆ 30 ದಿನಗಳು ನುಂಗಿಕೊಳ್ಳುತ್ತವೆ. 47 ದಿನದ ಕಾಲ ಬಂದಾಗ ಉಳಿಯುವ ಅವಕಾಶ ಸುಮಾರು ಎರಡು ವಾರದ್ದು. ಆರೇ ದಿನ ಬಾಳುವ ಪ್ರಮಾಣಪತ್ರಗಳನ್ನೂ ಲೆಟ್ಸ್ ಎನ್‌ಕ್ರಿಪ್ಟ್ ನೀಡುತ್ತಿದೆಯಾದರೂ ಅವು ಇಲ್ಲಿಯ ವಿದ್ಯುತ್ತಿಗೆ ಹೇಳಿಮಾಡಿಸಿದವಲ್ಲ.

ಗಡಿಯಾರದ ತೊಂದರೆ ಹೆಚ್ಚು ಗೂಢವಾದದ್ದು. ಪ್ರಮಾಣಪತ್ರದ ಸಿಂಧುತ್ವ ಪೂರ್ತಿ ದಿನಾಂಕದ ಮೇಲೆ ನಿಂತಿರುವುದರಿಂದ ತಪ್ಪು ದಿನಾಂಕದ ಯಂತ್ರಕ್ಕೆ ಸರಿಯಾದ ಪ್ರಮಾಣಪತ್ರವೂ ಸುಳ್ಳಾಗಿ ಕಾಣುತ್ತದೆ. ಶಾಲಾ ಪ್ರಯೋಗಾಲಯದ ಹಳೆಯ ಕಂಪ್ಯೂಟರಿನಲ್ಲಿ ಮದರ್‌ಬೋರ್ಡಿನ ಗುಂಡಿ ಸೆಲ್ ಸತ್ತಿದ್ದರೆ ಪ್ರತಿ ಸಲ ಆನ್ ಮಾಡಿದಾಗಲೂ ದಿನಾಂಕ ಹಲವು ವರ್ಷ ಹಿಂದಕ್ಕೆ ಸರಿದು, ಎಲ್ಲ ತಾಣಗಳೂ ಅಸುರಕ್ಷಿತವೆಂಬ ಎಚ್ಚರಿಕೆ ಬರುತ್ತದೆ. ದೋಷ ಸರ್ವರಿನದೆಂದು ಭಾವಿಸಿ ಪ್ರಮಾಣಪತ್ರ ಬದಲಿಸುವುದರಿಂದ ಪ್ರಯೋಜನವಿಲ್ಲ, ಬದಲಿಸಬೇಕಾದದ್ದು ಕೆಲವೇ ರೂಪಾಯಿಯ ಆ ಸೆಲ್. ಸರ್ವರ್ ಆಗಿ ಜನಪ್ರಿಯವಾದ ರಾಸ್ಪ್‌ಬೆರಿ ಪೈ ಹಲಗೆಯ ನಾಲ್ಕನೆಯ ಪೀಳಿಗೆಯವರೆಗೆ ಗಡಿಯಾರವೇ ಇರಲಿಲ್ಲ. ಐದನೆಯದರಲ್ಲಿದ್ದರೂ ಬ್ಯಾಟರಿಯನ್ನು ಬೇರೆ ಜೋಡಿಸಬೇಕು. ಕರೆಂಟ್ ಹೋಗಿ ಬಂದಾಗ ಅಂಥ ಯಂತ್ರ ಕೊನೆಯದಾಗಿ ಬರೆದಿಟ್ಟುಕೊಂಡ ಹೊತ್ತಿನಿಂದ ಎದ್ದು, ಪ್ರಮಾಣಪತ್ರಕ್ಕೆ ಇನ್ನೂ ಬೇಕಾದಷ್ಟು ದಿನಗಳಿವೆಯೆಂದು ಭ್ರಮಿಸಿ ನವೀಕರಣವನ್ನು ಮುಂದೂಡಬಹುದು. ಜಾಲದಿಂದ ಸಮಯ ಪಡೆಯುವುದೇ ಇದಕ್ಕೆ ಪರಿಹಾರ. ಕಂಪ್ಯೂಟರ್ ತುರ್ತು ಪ್ರತಿಕ್ರಿಯಾ ತಂಡವಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನ, ಸೇವಾದಾರರೂ ಸಂಸ್ಥೆಗಳೂ ತಮ್ಮ ಯಂತ್ರಗಳ ಗಡಿಯಾರವನ್ನು ಎನ್‌ಐಸಿ ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯ ಸರ್ವರ್‌ಗಳಿಗೆ ಇಲ್ಲವೆ ಅವುಗಳಿಗೆ ಹೊಂದಿಕೊಂಡ ಸರ್ವರ್‌ಗಳಿಗೆ ಸರಿಹೊಂದಿಸಬೇಕೆಂದು ವಿಧಿಸಿದೆ. ಅದೇ ನಿರ್ದೇಶನ ದಾಖಲೆಗಳನ್ನು 180 ದಿನ ಕಾಪಿಡಬೇಕೆಂದೂ, ಭದ್ರತಾ ಘಟನೆಗಳನ್ನು 6 ಗಂಟೆಗಳೊಳಗೆ ವರದಿ ಮಾಡಬೇಕೆಂದೂ ಹೇಳುತ್ತದೆ.

ಅಳವಡಿಕೆಯ ದೋಷಗಳು ಮತ್ತು ಕೀಲಿಯ ಕಾವಲು

ಬ್ರೌಸರ್ ನಂಬುವುದು ಮೂಲವನ್ನು. ಸರ್ವರಿನ ಪ್ರಮಾಣಪತ್ರಕ್ಕೆ ಸಹಿ ಹಾಕುವುದು ಆ ಮೂಲದ ಕೆಳಗಿನ ಮಧ್ಯಂತರ ಪ್ರಾಧಿಕಾರ. ಸರ್ವರ್ ತನ್ನ ಪ್ರಮಾಣಪತ್ರದ ಜೊತೆಗೆ ಮಧ್ಯಂತರದ್ದನ್ನೂ ಕಳುಹಿಸದಿದ್ದರೆ, ತಂದೆಯ ಹೆಸರು ಬಿಟ್ಟುಹೋದ ವಂಶಾವಳಿಯಲ್ಲಿ ಮೊಮ್ಮಗ ಅಜ್ಜನಿಗೆ ಸೇರದಂತೆ, ನಂಟು ಕಡಿದುಹೋಗುತ್ತದೆ. ಕಚೇರಿಯ ಕಂಪ್ಯೂಟರಿನ ಬ್ರೌಸರುಗಳು ಕಾಣೆಯಾದ ಕೊಂಡಿಯನ್ನು ತಾವೇ ಹುಡುಕಿಕೊಳ್ಳುವುದರಿಂದ ಸ್ಥಾಪಿಸಿದವರಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ, ಮೊಬೈಲಿನ ಕೆಲವು ಬ್ರೌಸರು, ಆ್ಯಪ್‌ಗಳಲ್ಲಿ ಮಾತ್ರ ತಾಣ ತೆರೆಯದಿರಬಹುದು. ಬಳಕೆದಾರರಲ್ಲಿ ಹೆಚ್ಚಿನವರು ಮೊಬೈಲಿನವರೇ ಆಗಿರುವ ಊರುಗಳಲ್ಲಿ ಪರೀಕ್ಷೆಯನ್ನು ಮೊಬೈಲಿನಿಂದಲೇ ಮಾಡಬೇಕು. ಹಳೆಯ ಮೊಬೈಲುಗಳ ಪ್ರಶ್ನೆ ಬೇರೆ: ಆಂಡ್ರಾಯ್ಡ್ 7.1.1ಕ್ಕಿಂತ ಹಿಂದಿನವುಗಳ ಪಟ್ಟಿಯಲ್ಲಿ ಲೆಟ್ಸ್ ಎನ್‌ಕ್ರಿಪ್ಟಿನ ಮೂಲವೇ ಇಲ್ಲ, ಮತ್ತು ಅವುಗಳಿಗೆ ಆಸರೆಯಾಗಿದ್ದ ಅಡ್ಡಸಹಿಯ ಅವಧಿ 2024ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಅಂಥ ಮೊಬೈಲಿನವರಿಗೆ ತನ್ನದೇ ಪಟ್ಟಿಯುಳ್ಳ ಫೈರ್‌ಫಾಕ್ಸ್‌ನ ಹಳೆಯ ಆವೃತ್ತಿ ನೆರವಾಗಬಹುದು.

ಇನ್ನೊಂದು ದೋಷ, ಹೊಸ ಪ್ರಮಾಣಪತ್ರ ಡಿಸ್ಕಿನಲ್ಲಿ ಬಂದು ಕುಳಿತರೂ ಜಾಲ ಸರ್ವರ್ ನೆನಪಿನಲ್ಲಿ ಹಳೆಯದನ್ನೇ ಹಿಡಿದುಕೊಂಡಿರುವುದು. ನವೀಕರಣ ಮುಗಿದೊಡನೆ ಸರ್ವರನ್ನು ಮರುಓದಿಸುವ ಆಜ್ಞೆಯನ್ನು ಜೋಡಿಸಿದರೆ ಇದು ತಪ್ಪುತ್ತದೆ. ಪ್ರಯೋಗಗಳನ್ನು ಪ್ರಾಧಿಕಾರದ ಪರೀಕ್ಷಾ ವಿಭಾಗದಲ್ಲಿ ನಡೆಸುವುದು ಕ್ಷೇಮ, ಏಕೆಂದರೆ ಒಂದೇ ಹೆಸರುಗಳ ಗುಂಪಿಗೆ ವಾರಕ್ಕೆ ಐದಕ್ಕಿಂತ ಹೆಚ್ಚು ಪ್ರಮಾಣಪತ್ರಗಳನ್ನು ಲೆಟ್ಸ್ ಎನ್‌ಕ್ರಿಪ್ಟ್ ಕೊಡುವುದಿಲ್ಲ. ಅವಧಿ ಮುಗಿಯುವ ಮುನ್ನ ಅದು ಕಳುಹಿಸುತ್ತಿದ್ದ ಮಿಂಚಂಚೆಯ ನೆನಪೋಲೆಗಳೂ 2025ರ ಜೂನ್ 4ರಿಂದ ನಿಂತಿರುವುದರಿಂದ, ಅಪ್‌ಟೈಮ್ ಕುಮಾದಂಥ ಉಚಿತ ತಂತ್ರಾಂಶವನ್ನು ಬೇರೊಂದು ಯಂತ್ರದಲ್ಲಿಟ್ಟು ಉಳಿದ ದಿನಗಳನ್ನು ಎಣಿಸಿಕೊಳ್ಳಬೇಕಾಗಿದೆ.

ಪ್ರಮಾಣಪತ್ರ ಎಲ್ಲರೂ ನೋಡಬಹುದಾದದ್ದು, ಕಾಯಬೇಕಾದದ್ದು ಖಾಸಗಿ ಕೀಲಿಯನ್ನು. ಅದನ್ನು ಸರ್ವರಿನಲ್ಲೇ ಹುಟ್ಟಿಸಿ ಅಲ್ಲಿಯೇ ಇರಿಸಬೇಕು. ದುರಸ್ತಿಗೆಂದು ಯಾರಿಗೋ ವಾಟ್ಸ್ಆ್ಯಪಿನಲ್ಲಿ ಕಳುಹಿಸಿದ ಕೀಲಿಯನ್ನು ಕಳೆದುಹೋದದ್ದೆಂದೇ ಬಗೆದು, ಆ ಪ್ರಮಾಣಪತ್ರವನ್ನು ರದ್ದುಪಡಿಸಿ ಹೊಸದನ್ನು ಪಡೆಯಬೇಕು. 2014ರ ಏಪ್ರಿಲಿನಲ್ಲಿ ಬಯಲಾದ ಹಾರ್ಟ್‌ಬ್ಲೀಡ್ ದೋಷ ಸರ್ವರಿನ ನೆನಪಿನಿಂದ ಕೀಲಿಯನ್ನೇ ಸೋರಿಸುತ್ತಿದ್ದಾಗ ಜಗತ್ತಿನಾದ್ಯಂತ ಮಾಡಬೇಕಾಗಿ ಬಂದದ್ದು ಇದನ್ನೇ. ಕೀಲಿಯಷ್ಟೇ ಮುಖ್ಯವಾದದ್ದು ಡೊಮೇನಿನ ನೋಂದಣಿ. ವರ್ಗಾವಣೆಯಾಗಿ ಹೋದ ಶಿಕ್ಷಕರ ಸ್ವಂತ ಮಿಂಚಂಚೆಯಲ್ಲಿ ಅದು ಉಳಿದುಬಿಟ್ಟರೆ ನವೀಕರಣದ ಯಾವ ಯಂತ್ರವೂ ಕೆಲಸಕ್ಕೆ ಬಾರದು; ಆದ್ದರಿಂದ ನೋಂದಣಿ ಸಂಸ್ಥೆಯ ಹೆಸರಿನಲ್ಲೇ ಇರಬೇಕು.

ಹೊರಜಗತ್ತಿಗೆ ತೆರೆಯದ, ಕಟ್ಟಡದೊಳಗಷ್ಟೇ ನಡೆಯುವ ಸರ್ವರ್‌ಗಳಿಗೆ ಒಳಬಳಕೆಯ ಹೆಸರಿನಲ್ಲಿ ಸಾರ್ವಜನಿಕ ಪ್ರಮಾಣಪತ್ರ ಸಿಗುವುದು 2015ರ ನವೆಂಬರ್ 1ರಿಂದ ನಿಂತಿದೆ. ಸಂಸ್ಥೆ ತನ್ನದೇ ಮೂಲವನ್ನು ಸೃಷ್ಟಿಸಿ ಪ್ರತಿಯೊಂದು ಯಂತ್ರದಲ್ಲೂ ಹಾಕಬಹುದಾದರೂ, ಆಂಡ್ರಾಯ್ಡ್ 7ರಿಂದೀಚೆಗೆ ಬಳಕೆದಾರರು ಸೇರಿಸಿದ ಮೂಲವನ್ನು ಆ್ಯಪ್‌ಗಳು ತಾವಾಗಿ ಒಪ್ಪುವುದಿಲ್ಲ. ಆ ಮೂಲದ ಕೀಲಿ ಕಳುವಾದರೆ ಕದ್ದವರು ಆ ಯಂತ್ರಗಳ ಮಟ್ಟಿಗೆ ಯಾವ ತಾಣದ ವೇಷವನ್ನಾದರೂ ಹಾಕಬಲ್ಲರು. ನೋಂದಾಯಿತ ಡೊಮೇನಿನ ಒಂದು ಉಪಹೆಸರನ್ನು ಒಳವಿಳಾಸಕ್ಕೆ ಜೋಡಿಸಿ ಡಿಎನ್‌ಎಸ್ ವಿಧಾನದಲ್ಲಿ ಪ್ರಮಾಣಪತ್ರ ಪಡೆಯುವುದು ಚಿಕ್ಕ ಸಂಸ್ಥೆಗಳಿಗೆ ಉತ್ತಮ. ಎಲ್ಲ ಸಾರ್ವಜನಿಕ ಪ್ರಮಾಣಪತ್ರಗಳೂ ಪಾರದರ್ಶಕತೆಯ ಬಹಿರಂಗ ದಫ್ತರಗಳಲ್ಲಿ ದಾಖಲಾಗುವುದರಿಂದ, ವಿಭಾಗವನ್ನೋ ರೋಗವನ್ನೋ ಸೂಚಿಸುವ ಉಪಹೆಸರುಗಳನ್ನು ಆಸ್ಪತ್ರೆಗಳು ಬಳಸದಿರುವುದು ಒಳ್ಳೆಯದು. ಅದೇ ದಫ್ತರಗಳಲ್ಲಿ ತನ್ನ ಡೊಮೇನನ್ನು ಹುಡುಕಿ, ತಾನು ಕೇಳದ ಪ್ರಮಾಣಪತ್ರ ಯಾರಿಗಾದರೂ ಸಿಕ್ಕಿದೆಯೇ ಎಂದು ಯಾರು ಬೇಕಾದರೂ ನೋಡಬಹುದು.

ಕನ್ನಡದ ಹೆಸರುಗಳಿಗೂ ಪ್ರಮಾಣಪತ್ರ ದೊರೆಯುತ್ತದೆ. ದೇಶದ ಡೊಮೇನ್ ನೋಂದಣಿಯಲ್ಲಿ ಡಾಟ್ ಭಾರತ ಎಂಬ ಕನ್ನಡ ಅಕ್ಷರಗಳ ಕೊನೆಹೆಸರು ಇದ್ದು, ಪ್ರಮಾಣಪತ್ರದೊಳಗೆ ಅಂಥ ಹೆಸರು ಪ್ಯೂನಿಕೋಡ್ ಎಂಬ ಪದ್ಧತಿಯ ಪ್ರಕಾರ ರೋಮನ್ ಅಕ್ಷರ ಮತ್ತು ಅಂಕಿಗಳ ಸರಣಿಯಾಗಿ ಕುಳಿತಿರುತ್ತದೆ. ಸಂರಚನೆಯ ಕಡತದಲ್ಲಿಯೂ ಆ ರೂಪವನ್ನೇ ಬರೆಯುವುದು ಸುರಕ್ಷಿತ. ಕನ್ನಡ ಮತ್ತು ತೆಲುಗಿನ ಹಲವು ಅಕ್ಷರಗಳು ಕಣ್ಣಿಗೆ ಒಂದೇ ಆಗಿ ಕಂಡರೂ ಕಂಪ್ಯೂಟರಿಗೆ ಬೇರೆ ಬೇರೆ ಸಂಕೇತಗಳಾಗಿರುವುದು ತೆಲಂಗಾಣದ ಗಡಿಯಲ್ಲಿರುವ, ಗುರುಮಠಕಲ್ ಕಡೆ ಎರಡೂ ನುಡಿಗಳು ಬಳಕೆಯಲ್ಲಿರುವ ಈ ಜಿಲ್ಲೆಗೆ ವಿಶೇಷವಾಗಿ ಅನ್ವಯಿಸುತ್ತದೆ: ಮೋಸದ ತಾಣವೊಂದು ಅಂಥ ಹೋಲಿಕೆಯ ಹೆಸರನ್ನು ನೋಂದಾಯಿಸಿ ಅದಕ್ಕೆ ನಿಯಮಬದ್ಧವಾದ ಪ್ರಮಾಣಪತ್ರವನ್ನೂ ಪಡೆಯಬಲ್ಲದು. ಪ್ರಮಾಣಪತ್ರ ಹೇಳುವುದು ಹೆಸರಿನ ಮೇಲಿನ ಹಿಡಿತವನ್ನಷ್ಟೇ, ಹೆಸರಿಟ್ಟವರ ಪ್ರಾಮಾಣಿಕತೆಯನ್ನಲ್ಲ. ಬೀಗದ ಚಿತ್ರವನ್ನು ಕಂಡ ಜನ ಅದನ್ನು ಸಾಚಾತನದ ಗುರುತೆಂದೇ ತಿಳಿಯುತ್ತಿದ್ದುದರಿಂದ ಕ್ರೋಮ್ 2023ರ ಸೆಪ್ಟೆಂಬರಿನಲ್ಲಿ ಆ ಚಿತ್ರವನ್ನು ವಿಳಾಸಪಟ್ಟಿಯಿಂದ ತೆಗೆದು, ಹೊಂದಿಕೆಗಳನ್ನು ಸೂಚಿಸುವ ಬೇರೆ ಚಿಹ್ನೆಯನ್ನು ಅಲ್ಲಿರಿಸಿತು.